ಹಾಯಿದೋಣಿಯಲ್ಲಿ ಒಂದು ದಿನ

ನೆಲಗಾಳಿ ಮತ್ತು ಕಡಲಗಾಳಿಗಳ ವಿಷಯವಾಗಿ ಭೂಗೋಳದ ಪರೀಕ್ಷೆಯಲ್ಲಿ ಉತ್ತರ ಬರೆದು ಒಳ್ಳೆಯ ಅಂಕ ಪಡೆದವರಲ್ಲಿ ನಾನೂ ಒಬ್ಬ. ಆದರೆ ಆ ಗಾಳಿಗಳ ನಿಜವಾದ ಪರಿಚಯ ನನಗಾದದ್ದು ಕಳೆದ ಜನವರಿಯಲ್ಲಿ, ನನ್ನ ಸೋದರಮಾವನ ಹಾಯಿದೋಣಿಯಲ್ಲಿ. ಅಲ್ಲಿ ಕಲಿತದ್ದನ್ನು, ಮಾಡಿದ ತಪ್ಪನ್ನೂ ಸೇರಿಸಿ, ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಅಘನಾಶಿನಿ ನದಿಯು ಸಿರ್ಸಿಯ ಕಡೆ ಹುಟ್ಟಿ, ಎಲ್ಲಿಯೂ ಅಣೆಕಟ್ಟಿನ ತಡೆಯಿಲ್ಲದೆ ಘಟ್ಟವಿಳಿದು, ಕುಮಟಾ ತಾಲ್ಲೂಕಿನ ತದಡಿ ಮತ್ತು ಅಘನಾಶಿನಿ ಎಂಬ ಊರುಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನದಿ ಕಡಲನ್ನು ಕೂಡುವ ಎಡೆಗೆ ಅಳಿವೆ ಎಂದು ಹೆಸರು. ಅಲ್ಲಿಂದ ಒಳಕ್ಕೆ ಉಪ್ಪುನೀರು ಬಹುದೂರ ಹರಡಿ, ಕಾಂಡ್ಲಾ ಗಿಡಗಳಿಗೂ, ಚಿಪ್ಪಿಗಳಿಗೂ, ಉಪ್ಪನ್ನು ತಾಳಿ ಬೆಳೆಯುವ ಕಗ್ಗ ಭತ್ತದ ಗಜನಿ ಗದ್ದೆಗಳಿಗೂ ಆಶ್ರಯವಿತ್ತಿದೆ. ಈ ಅಳಿವೆಯು ರಾಮ್ಸರ್ ಪಟ್ಟಿಗೆ ಸೇರಿದುದು 2024ರಲ್ಲಿ ಪ್ರಕಟವಾಯಿತು. ಅಳಿವೆಯಿಂದ ಹೊರಬಿದ್ದು ಉತ್ತರಕ್ಕೆ ತಿರುಗಿದರೆ ಗೋಕರ್ಣದವರೆಗೆ ಗುಡ್ಡಗಳ ಮಡಿಲಲ್ಲಿ ಬೇಲೆಕಾನು, ಪ್ರವಾಸಿಗರು ಪ್ಯಾರಡೈಸ್ ಎನ್ನುವ ತೀರ, ಹಾಫ್ ಮೂನ್, ಓಂ ಮತ್ತು ಕುಡ್ಲೆ ತೀರಗಳು ಒಂದಾದಮೇಲೊಂದು ಬರುತ್ತವೆ.

ನಾವು ಬೆಳಗಿನ ಜಾವ ಐದೂವರೆಗೆ ತದಡಿಯಿಂದ ಹೊರಟೆವು. ಅಷ್ಟು ಬೇಗ ಏಕೆಂದು ವಾಚಕರು ಕೇಳಬಹುದು. ರಾತ್ರಿಯಲ್ಲಿ ನೆಲವು ಕಡಲಿಗಿಂತ ಬೇಗ ತಣಿಯುತ್ತದೆ. ಆಗ ನೆಲದ ಮೇಲಿನ ತಂಪುಗಾಳಿ ಕಡಲಿನತ್ತ ಬೀಸುತ್ತದೆ. ಬಿಸಿಲೇರಿದಂತೆ ಅದು ನಿಂತು, ಮಧ್ಯಾಹ್ನದ ಹೊತ್ತಿಗೆ ಕಾದ ನೆಲದ ಕಡೆಗೆ ಕಡಲಗಾಳಿ ಏಳುತ್ತದೆ. ಹಾಯಿದೋಣಿಗೆ ಮೊದಲನೆಯದು ಹೋಗುವ ಬಂಡಿ, ಎರಡನೆಯದು ಮರಳುವ ಬಂಡಿ.

ಗಾಳಿ ಹಿಂದಿನಿಂದ ಬೀಸಿದರೆ ಮಾತ್ರ ದೋಣಿ ಸಾಗುವುದೆಂದು ನಾನು ಭಾವಿಸಿದ್ದೆ. ಅದು ತಪ್ಪು. ಮಗ್ಗುಲಿನಿಂದ ಬರುವ ಗಾಳಿಗೆ ಹಾಯಿಯನ್ನು ಓರೆಯಾಗಿ ಹಿಡಿದರೆ ಅದು ದೋಣಿಯನ್ನು ಅಡ್ಡಕ್ಕೂ ಮುಂದಕ್ಕೂ ನೂಕುತ್ತದೆ. ನೀರೊಳಗಿನ ಅಡಿಮರವೂ ಚುಕ್ಕಾಣಿಯೂ ಅಡ್ಡ ಸರಿಯುವುದನ್ನು ತಡೆಯುವುದರಿಂದ ಮುಂದಿನ ನೂಕು ಉಳಿಯುತ್ತದೆ. ಗಾಳಿಗೆ ನೇರ ಎದುರಾಗಿ ಮಾತ್ರ ಯಾವ ಹಾಯಿಯೂ ಸಾಗದು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಓರೆಯಾಗಿ ಹಾಯ್ದು ಮುಂದುವರಿಯಬೇಕು.

ಗಾಳಿಯಷ್ಟೇ ಮುಖ್ಯವಾದುದು ಭರತ-ಇಳಿತ. ಭರತವಾದ ಸುಮಾರು ಆರೂಕಾಲು ಗಂಟೆಗೆ ಇಳಿತ, ಮತ್ತೆ ಅಷ್ಟೇ ಹೊತ್ತಿಗೆ ಭರತ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇದು ಚಂದ್ರನ ಲೆಕ್ಕವಾದ್ದರಿಂದ ಮಾವ ಗಡಿಯಾರಕ್ಕೆ ಮೊದಲು ತಿಥಿಯನ್ನು ನೋಡುತ್ತಾನೆ. ಅಂದು ಶುಕ್ಲ ಪಂಚಮಿ. ಬೆಳಗಿನ ಇಳಿತದ ನೀರಿನೊಡನೆ ಹೊರಗೆ ಹೋಗಿ, ಮಧ್ಯಾಹ್ನದ ಭರತದ ನೀರಿನೊಡನೆ ಒಳಗೆ ಬರಬೇಕು. ಮೂರು ಗಂಟೆಗೆ ನೀರು ತಿರುಗುತ್ತದೆ. "ಎರಡಕ್ಕೆ ದೋಣಿಯ ಹತ್ತಿರ ಇರಬೇಕು ತಮಾ," ಎಂದು ಅವನು ಎರಡು ಸಲ ಹೇಳಿದ್ದ.

ಪ್ಯಾರಡೈಸ್ ತೀರದಲ್ಲಿ ಲಂಗರು ಹಾಕಿದಾಗ ಅಲ್ಲಿ ಯಾರೂ ಇರಲಿಲ್ಲ. ಮರಳಿನ ಮೇಲೆ ಏಡಿಗಳು ಬರೆದ ಗೆರೆಗಳು ಮಾತ್ರ ಇದ್ದವು. ಮಧ್ಯಾಹ್ನದ ಊಟವಾದ ಮೇಲೆ ನಾನು ಬಂಡೆಗಳನ್ನೂ ಗುಡ್ಡದ ಕಾಲುದಾರಿಯನ್ನೂ ಹಿಡಿದು, ಓಂಕಾರದಂತೆ ಎರಡು ಬಾಗುಗಳುಳ್ಳ ಓಂ ತೀರವನ್ನು ನೋಡಿಬರಲು ಹೋದೆ. ಸೊಬಗಿನಲ್ಲಿ ಮೈಮರೆತೆನೆಂದು ಬರೆದರೆ ಚೆನ್ನಾಗಿರುತ್ತದೆ. ನಿಜವಾಗಿ, ಒಂದು ಗಂಟೆ ತಡವಾದರೇನು ಎಂದುಕೊಂಡಿದ್ದೆ. ಮರಳಿದಾಗ ನಾಲ್ಕು ಹೊಡೆದಿತ್ತು.

ಮಾವ ಬಯ್ಯಲಿಲ್ಲ. ದೋಣಿಯಲ್ಲಿ ಕೂರಿಸಿಕೊಂಡು ಅಳಿವೆಯ ಬಾಯಿ ಕಾಣುವಷ್ಟು ದೂರ ಹೋಗಿ, ಕೈ ತೋರಿಸಿದ. ಬೆಳಗ್ಗೆ ಮಡಿಸಿಟ್ಟ ಪಂಚೆಯಂತಿದ್ದ ನೀರಿನಲ್ಲಿ ಈಗ ಬಿಳಿಯ ತೆರೆಗಳು ಎದ್ದು ನಿಂತಲ್ಲೇ ಮುರಿಯುತ್ತಿದ್ದವು. "ಗಾಳಿ ಒಳಗೆ ನೂಕ್ತದೆ, ನೀರು ಹೊರಗೆ ನೂಕ್ತದೆ. ನಡುವೆ ಹೋದ ದೋಣಿ ಯಾರದ್ದೂ ಅಲ್ಲ," ಎಂದ. ಗಾಳಿಯೂ ನೀರಿನ ಸೆಳೆತವೂ ಎದುರುಬದುರಾದಾಗ ತೆರೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ; ಮರಳು ತುಂಬಿ ಆಳ ಕಡಿಮೆಯಿರುವ ಅಳಿವೆಯ ಬಾಯಲ್ಲಿ ಅದು ಇನ್ನೂ ಕೇಡು. ಯಂತ್ರವಿದ್ದರೆ ದಾಟಬಹುದಿತ್ತೇ ಎಂದು ಕೇಳಿದೆ. "ಯಂತ್ರ ಇದ್ದರೂ ನಾನು ಈ ಹೊತ್ತಿನಲ್ಲಿ ಹೋಗ್ತಿರಲಿಲ್ಲ," ಎಂದು ದೋಣಿಯನ್ನು ಬೇಲೆಕಾನಿನ ಮರಳಿಗೆ ತಿರುಗಿಸಿದ.

ಅಲ್ಲಿ ಐದು ಗಂಟೆಗಳ ಕಾಲ ಕಾದೆವು. ಫೋನಿಗೆ ಸಂಪರ್ಕ ಸಿಗಲಿಲ್ಲ. ಉಳಿದ ಅವಲಕ್ಕಿಯನ್ನು ಹಂಚಿಕೊಂಡೆವು. ಸೂರ್ಯ ಮುಳುಗಿದ ಮೇಲೆ ಕಡಲಗಾಳಿ ಸತ್ತಿತು, ತೆರೆಗಳು ತಗ್ಗಿದವು. ಒಂಬತ್ತೂವರೆಗೆ ಭರತದ ಮೊದಲ ನೀರು ಒಳಗೆ ಹರಿಯತೊಡಗಿದಾಗ ಹಾಯಿ ಇಳಿಸಿ, ಪಡುವಣಕ್ಕೆ ಬಾಗಿದ್ದ ಪಂಚಮಿಯ ಚಂದ್ರನ ಬೆಳಕಿನಲ್ಲಿ ಹುಟ್ಟು ಹಾಕುತ್ತ ಅಳಿವೆಯನ್ನು ಹೊಕ್ಕೆವು.

ಇಂಥ ಪ್ರವಾಸಕ್ಕೆ ಹೋಗಬಯಸುವ ಮಿತ್ರರಿಗೆ ನನ್ನ ಸಲಹೆ ಇಷ್ಟೇ: ಮಳೆಗಾಲದಲ್ಲಿ ಈ ಕಡಲಿಗೆ ಇಳಿಯಬೇಡಿ. ಊರಿನ ದೋಣಿಗಾರನಿಲ್ಲದೆ, ತೇಲುವ ಅಂಗಿ ತೊಡದೆ ಹೊರಡಬೇಡಿ. ಚಳಿಗಾಲದಲ್ಲಿ ಉತ್ತರ ಕನ್ನಡದ ಕೆಲವು ತೀರಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ರಾತ್ರಿ ಮರಳಿನ ಮೇಲೆ ದೀಪ ಬೆಂಕಿಗಳನ್ನು ಹಚ್ಚಬೇಡಿ. ಎಲ್ಲಕ್ಕಿಂತ ಮಿಗಿಲಾಗಿ, ದೋಣಿಗಾರ ಹೇಳಿದ ಗಂಟೆ ಅವನ ಗಂಟೆಯಲ್ಲ, ನೀರಿನ ಗಂಟೆ ಎಂಬುದನ್ನು ಮರೆಯಬೇಡಿ.

ತದಡಿಯ ದಕ್ಕೆಯಲ್ಲಿ ನನ್ನ ತಾಯಿ ಸಂಜೆಯಿಂದ ನಿಂತೇ ಇದ್ದಳು. ಅವಳು ನನ್ನನ್ನು ಏನೂ ಕೇಳಲಿಲ್ಲ. "ನೀರು ತಿರುಗುವವರೆಗೆ ಕಾದಿರಾ?" ಎಂದು ತಮ್ಮನನ್ನು ಮಾತ್ರ ಕೇಳಿದಳು. ಅವನು ಹೌದೆಂದಾಗ ಸೆರಗಿನಿಂದ ಮುಖವೊರೆಸಿಕೊಂಡು ಮನೆಯ ಕಡೆ ನಡೆದಳು.