ಗಡಿಯಾರದೊಡನೆ ಪೈಪೋಟಿ: ‘ಟೈಮ್ ಅಟ್ಯಾಕ್’ ಸ್ಪರ್ಧೆಯೂ ಬಿಡಿಭಾಗಗಳ ಉದ್ಯಮವೂ

ಹೊಸ ಕಾರೊಂದು ಮಾರಾಟವಾದ ದಿನವೇ ಅದರ ಸುತ್ತ ಮತ್ತೊಂದು ವ್ಯಾಪಾರ ಆರಂಭವಾಗುತ್ತದೆ. ಟೈರು, ಬ್ರೇಕ್ ಪ್ಯಾಡ್, ಶಾಕ್ ಅಬ್ಸಾರ್ಬರ್, ಸೈಲೆನ್ಸರ್, ಎಂಜಿನ್ ಆಯಿಲ್ ಮುಂತಾದವುಗಳ ಮಾರುಕಟ್ಟೆ ಅದು. ಕಾರಿನ ಮೂಲ ಸಾಮರ್ಥ್ಯವನ್ನು ಹೆಚ್ಚಿಸುವ ಬಿಡಿಭಾಗಗಳ ತಯಾರಿಕೆ ಇದರ ಒಂದು ಶಾಖೆ. ಜಪಾನ್, ಅಮೆರಿಕ ಮತ್ತು ಆಸ್ಟ್ರೇಲಿಯಾಗಳಲ್ಲಿ ಈ ಶಾಖೆ ಬಹುಪಾಲು ಸಣ್ಣ ಘಟಕಗಳ ಕೈಯಲ್ಲಿದೆ. ಇಂತಹ ಘಟಕಗಳಿಗೆ ಎದುರಾಗುವ ಮೊದಲ ತೊಡಕು ಬಂಡವಾಳದ್ದಲ್ಲ, ನಂಬಿಕೆಯದು. ಬೃಹತ್ ಕಾರು ಕಂಪನಿಗೆ ಸ್ವಂತ ಪರೀಕ್ಷಾಪಥವೂ ಪ್ರಯೋಗಾಲಯವೂ ಇರುತ್ತವೆ. ಹತ್ತು ಮಂದಿ ಕೆಲಸಗಾರರ ವರ್ಕ್‌ಶಾಪ್ ತನ್ನ ಸರಕು ಉತ್ತಮವೆಂದು ಗಿರಾಕಿಗೆ ಹೇಗೆ ತೋರಿಸಿಕೊಡಬೇಕು? ‘ಟೈಮ್ ಅಟ್ಯಾಕ್’ ಎಂಬ ಹವ್ಯಾಸಿ ಮೋಟಾರು ಸ್ಪರ್ಧೆ ಈ ಪ್ರಶ್ನೆಗೆ ಒದಗಿಸಿದ ಉತ್ತರ ಉದ್ಯಮದ ದೃಷ್ಟಿಯಿಂದ ಪರಿಶೀಲನೆಗೆ ಅರ್ಹವಾಗಿದೆ.

ಸ್ಪರ್ಧೆಯ ಸ್ವರೂಪ

ಸಾಮಾನ್ಯ ರೇಸಿನಲ್ಲಿ ಹಲವು ಕಾರುಗಳು ಒಟ್ಟಿಗೆ ಹೊರಡುತ್ತವೆ. ಮೊದಲು ಗುರಿ ಮುಟ್ಟಿದವನು ವಿಜಯಿ. ಟೈಮ್ ಅಟ್ಯಾಕ್‌ನಲ್ಲಿ ಎದುರಾಳಿ ಗಡಿಯಾರ ಮಾತ್ರ. ಕಾರುಗಳು ಸಾಕಷ್ಟು ಅಂತರ ಬಿಟ್ಟು ಟ್ರ್ಯಾಕಿಗೆ ಇಳಿಯುತ್ತವೆ. ಮೊದಲ ಸುತ್ತಿನಲ್ಲಿ ಟೈರು ಮತ್ತು ಬ್ರೇಕುಗಳನ್ನು ಹದವಾಗಿ ಬಿಸಿಮಾಡಿಕೊಳ್ಳಲಾಗುತ್ತದೆ. ಮುಂದಿನ ಸುತ್ತನ್ನು ಪೂರ್ಣ ವೇಗದಲ್ಲಿ ಓಡಿಸಲಾಗುತ್ತದೆ. ಆಮೇಲೆ ಒಂದು ಸುತ್ತು ನಿಧಾನವಾಗಿ ಸಾಗಿ ಎಂಜಿನನ್ನು ತಣಿಸಲಾಗುತ್ತದೆ. ಕಾರಿಗೆ ಅಳವಡಿಸಿದ ಪುಟ್ಟ ವಿದ್ಯುನ್ಮಾನ ಸಾಧನದ ನೆರವಿನಿಂದ ಪ್ರತಿ ಸುತ್ತಿನ ಕಾಲವನ್ನು ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ದಾಖಲಿಸಲಾಗುತ್ತದೆ. ದಿನದ ಅತಿ ಕಡಿಮೆ ಕಾಲವೊಂದೇ ಲೆಕ್ಕಕ್ಕೆ ಬರುತ್ತದೆ.

ಈ ಏರ್ಪಾಡಿನಿಂದ ಎರಡು ಅನುಕೂಲಗಳಿವೆ. ಕಾರುಗಳು ಪರಸ್ಪರ ಡಿಕ್ಕಿ ಹೊಡೆಯುವ ಸಂಭವ ಕಡಿಮೆಯಾದ್ದರಿಂದ ಸ್ವಂತ ಕಾರನ್ನೇ ತರುವ ಹವ್ಯಾಸಿಗೆ ಧೈರ್ಯ ಬರುತ್ತದೆ. ಎರಡನೆಯದಾಗಿ, ಫಲಿತಾಂಶ ಒಂದು ಅಂಕಿಯ ರೂಪದಲ್ಲಿ ದೊರೆಯುತ್ತದೆ. ಆ ಅಂಕಿಯನ್ನು ಕಳೆದ ವರ್ಷದ ಅಂಕಿಯೊಡನೆಯೂ ಬೇರೊಬ್ಬನ ಕಾರಿನ ಅಂಕಿಯೊಡನೆಯೂ ಹೋಲಿಸಬಹುದು. ವ್ಯಾಪಾರಕ್ಕೆ ಬೇಕಾದದ್ದು ಈ ಎರಡನೆಯ ಗುಣ.

ಜಪಾನಿನಲ್ಲಿ ಹುಟ್ಟಿದ ಬಗೆ

ಈ ಸ್ಪರ್ಧೆಯ ತವರು ಜಪಾನಿನ ತ್ಸುಕುಬ ಸರ್ಕಿಟ್. ಇಬಾರಾಕಿ ಪ್ರಾಂತ್ಯದ ಶಿಮೊತ್ಸುಮ ಪಟ್ಟಣದಲ್ಲಿ 1970ರಲ್ಲಿ ಆರಂಭವಾದ ಈ ಟ್ರ್ಯಾಕಿನ ಉದ್ದ ಕೇವಲ 2,045 ಮೀಟರ್; ಅತಿ ಉದ್ದದ ನೇರ ಹಾದಿ 437 ಮೀಟರ್. ಟೋಕಿಯೋ ನಗರಕ್ಕೆ ಹತ್ತಿರವಾದದ್ದರಿಂದ ವರ್ಕ್‌ಶಾಪುಗಳಿಗೂ ಪತ್ರಿಕೆಗಳವರಿಗೂ ಇದು ಪರೀಕ್ಷಾಪಥವಾಯಿತು. ಇಲ್ಲಿ ಒಂದು ಸುತ್ತನ್ನು ಒಂದು ನಿಮಿಷದೊಳಗೆ ಮುಗಿಸುವುದು, ಅಂದರೆ ಗಂಟೆಗೆ ಸರಾಸರಿ 123 ಕಿ.ಮೀ. ವೇಗ ಕಾಯ್ದುಕೊಳ್ಳುವುದು, ಸಾಮರ್ಥ್ಯದ ಗುರುತೆಂದು ಬಹುಕಾಲ ಪರಿಗಣಿತವಾಗಿತ್ತು.

ಮಾರ್ಪಾಟಿನ ಬೇಡಿಕೆ ಬೆಳೆಯಲು ಒಂದು ವಿಲಕ್ಷಣ ಕಾರಣವೂ ಇತ್ತು. 1989ರಿಂದ 2004ರವರೆಗೆ ಜಪಾನಿನ ಕಾರು ತಯಾರಕರು ಸ್ವದೇಶದಲ್ಲಿ ಮಾರುವ ಕಾರುಗಳ ಶಕ್ತಿ 280 ಅಶ್ವಶಕ್ತಿಯನ್ನು ಮೀರಬಾರದೆಂಬ ಸ್ವಯಂ ಒಪ್ಪಂದಕ್ಕೆ ಬದ್ಧರಾಗಿದ್ದರು. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನಂತಹ ಕಾರುಗಳ ಎಂಜಿನುಗಳಾದರೋ ಅದಕ್ಕಿಂತ ಹೆಚ್ಚಿನ ಶಕ್ತಿಯನ್ನು ತಾಳಬಲ್ಲವಾಗಿದ್ದವು. ಕಂಪನಿ ತಾನೇ ಮಾರಲಾಗದ ಶಕ್ತಿಯನ್ನು ಹೊರಗಿನ ವರ್ಕ್‌ಶಾಪುಗಳು ಟರ್ಬೊ, ಇಂಧನ ವ್ಯವಸ್ಥೆ ಮತ್ತು ಎಂಜಿನ್ ನಿಯಂತ್ರಕ ಕಂಪ್ಯೂಟರಿನ ಬದಲಾವಣೆಯ ಮೂಲಕ ಮಾರತೊಡಗಿದವು.

ಇಂತಹ ಘಟಕಗಳಲ್ಲಿ ಹೆಸರಾದುದು ಎಚ್‌ಕೆಎಸ್. ಯಮಹಾದಲ್ಲಿ ಎಂಜಿನಿಯರಾಗಿದ್ದ ಹಿರೊಯುಕಿ ಹಸೆಗಾವ 1973ರಲ್ಲಿ ಫೂಜಿ ಪರ್ವತದ ತಪ್ಪಲಿನಲ್ಲಿ, ಹೈನುಗಾರಿಕೆಯ ಒಂದು ಕೊಟ್ಟಿಗೆಯಲ್ಲಿ ಇದನ್ನು ಆರಂಭಿಸಿದರು. ಮರುವರ್ಷ ಟರ್ಬೊ ಕಿಟ್ ಮಾರುಕಟ್ಟೆಗೆ ತಂದ ಈ ಸಂಸ್ಥೆ ಮುಂದೆ ಟೋಕಿಯೋ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿಯಾಗಿ ಬೆಳೆಯಿತು. 1981ರಲ್ಲಿ ಆರಂಭವಾದ ‘ಆಪ್ಷನ್’ ಮಾಸಪತ್ರಿಕೆ ವರ್ಕ್‌ಶಾಪುಗಳ ಕಾರುಗಳನ್ನು ಓಡಿಸಿ ಅಂಕಿಗಳನ್ನು ಪ್ರಕಟಿಸಿತು. 1983ರಲ್ಲಿ ಆರಂಭವಾದ ಪ್ರದರ್ಶನವು ಮುಂದೆ ‘ಟೋಕಿಯೋ ಆಟೋ ಸಲೋನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿ ಈ ವ್ಯಾಪಾರದ ವಾರ್ಷಿಕ ಸಂತೆಯಾಯಿತು. ತ್ಸುಕುಬದ ಅಂಕಿ, ಪತ್ರಿಕೆಯ ಪುಟ ಮತ್ತು ಪ್ರದರ್ಶನದ ಮಳಿಗೆ ಈ ಮೂರೂ ಸೇರಿ ಸಣ್ಣ ತಯಾರಕನಿಗೆ ದೇಶವ್ಯಾಪಿ ಗಿರಾಕಿಗಳನ್ನು ಒದಗಿಸಿದವು.

ಇಂದಿಗೂ ಅಲ್ಲಿನ ವರ್ಕ್‌ಶಾಪುಗಳು ‘ಡೆಮೊ ಕಾರು’ ಒಂದನ್ನು ಸಿದ್ಧಪಡಿಸಿ ತಮ್ಮ ಬಿಡಿಭಾಗಗಳನ್ನೆಲ್ಲ ಅದರಲ್ಲಿ ಅಳವಡಿಸುವುದು ವಾಡಿಕೆ. ಮಿತ್ಸುಬಿಷಿ ಲ್ಯಾನ್ಸರ್ ಎವಲ್ಯೂಷನ್ ಆಧರಿಸಿದ ಎಚ್‌ಕೆಎಸ್‌ನ ಸಿಟಿ230ಆರ್ ಕಾರು 2007ರಲ್ಲಿ ತ್ಸುಕುಬದ ಸುತ್ತನ್ನು 53.589 ಸೆಕೆಂಡುಗಳಲ್ಲಿ ಮುಗಿಸಿತು. ಗಂಟೆಗೆ ಸರಾಸರಿ 137 ಕಿ.ಮೀ.ಗೂ ಮಿಗಿಲಾದ ವೇಗವಿದು. ದಾಖಲೆ ಆಮೇಲೆ 50 ಸೆಕೆಂಡಿಗಿಂತ ಕೆಳಕ್ಕೂ ಇಳಿದಿದೆ. ಕಂಪನಿಯ ಕಾರು ಸ್ಥಾಪಿಸಿದ ಆ 2007ರ ಅಂಕಿಯನ್ನು ಖಾಸಗಿ ಹವ್ಯಾಸಿಗಳು ಸ್ವಂತ ಹಣದಿಂದ ಕಟ್ಟಿದ ಕಾರುಗಳೂ ಹಿಂದಿಕ್ಕಿವೆ ಎಂಬುದು ಗಮನಾರ್ಹ.

ಒಂದು ಸುತ್ತು ಪರೀಕ್ಷಿಸುವುದೇನನ್ನು?

ಒಂದೇ ನಿಮಿಷದ ಓಟವಾದರೂ ಕಾರಿನ ಪ್ರತಿಯೊಂದು ಅಂಗವೂ ಅದರಲ್ಲಿ ಪರೀಕ್ಷೆಗೆ ಒಳಗಾಗುತ್ತದೆ. ಇಲ್ಲಿ ಬಳಸುವ ಮೃದು ರಬ್ಬರಿನ ಟೈರಿನ ಹಿಡಿತ ಮೊದಲ ಒಂದೆರಡು ವೇಗದ ಸುತ್ತುಗಳಲ್ಲಿ ಅತ್ಯುತ್ತಮವಾಗಿದ್ದು ಆಮೇಲೆ ಶಾಖದಿಂದ ಕುಗ್ಗುತ್ತದೆ. ಬ್ರೇಕ್ ಆಯಿಲ್ ಕುದಿದರೆ ಪೆಡಲು ಮೆತ್ತಗಾಗಿ ಕಾರು ನಿಲ್ಲದು. ಮುಂಭಾಗದ ತಡೆಹಲಗೆ ಮತ್ತು ಹಿಂಭಾಗದ ರೆಕ್ಕೆ ಗಾಳಿಯ ಒತ್ತಡದಿಂದ ಕಾರನ್ನು ನೆಲಕ್ಕೆ ಅದುಮುತ್ತವೆ; ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 80 ಕಿ.ಮೀ. ವೇಗದಲ್ಲಿ ದೊರೆತುದರ ನಾಲ್ಕರಷ್ಟು 160 ಕಿ.ಮೀ.ನಲ್ಲಿ ದೊರೆಯುತ್ತದೆ.

ಹವಾಮಾನದ ಪಾತ್ರವೂ ದೊಡ್ಡದು. 35 ಡಿಗ್ರಿಯ ಗಾಳಿಗಿಂತ 5 ಡಿಗ್ರಿಯ ಗಾಳಿ ಸುಮಾರು ಶೇ. 11ರಷ್ಟು ಸಾಂದ್ರವಾಗಿದ್ದು ಎಂಜಿನಿಗೆ ಅಷ್ಟು ಹೆಚ್ಚು ಆಮ್ಲಜನಕ ಒದಗಿಸುತ್ತದೆ. ತ್ಸುಕುಬದಲ್ಲಿ ದಾಖಲೆಯ ಯತ್ನಗಳು ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಚಳಿಗಾಲದ ಮುಂಜಾನೆಗಳಲ್ಲಿ ನಡೆಯುವುದು ಇದರಿಂದಾಗಿಯೇ.

ಆದಕಾರಣ ಅಂಕಿಯನ್ನು ಓದುವಾಗ ಎಚ್ಚರ ಅಗತ್ಯ. ಬೇಸಿಗೆಯಲ್ಲಿ ಹಳೆಯ ಟೈರಿನೊಡನೆ ಪಡೆದ ಕಾಲವನ್ನೂ ಚಳಿಗಾಲದಲ್ಲಿ ಹೊಸ ಟೈರಿನೊಡನೆ ಪಡೆದ ಕಾಲವನ್ನೂ ಪಕ್ಕಪಕ್ಕದಲ್ಲಿರಿಸಿ ವ್ಯತ್ಯಾಸವೆಲ್ಲ ತನ್ನ ಸೈಲೆನ್ಸರಿನಿಂದಲೇ ಬಂದಿತೆಂದು ತಯಾರಕನೊಬ್ಬ ಸಾರಿದರೆ ಅನುಭವಿ ಗಿರಾಕಿ ಒಪ್ಪುವುದಿಲ್ಲ. ಒಂದು ಸುತ್ತಿನ ವೇಗ ಬಾಳಿಕೆಗೆ ಸಾಕ್ಷಿಯೂ ಅಲ್ಲ. ದಾಖಲೆ ಮುರಿದ ಎಂಜಿನು ಹತ್ತನೆಯ ಸುತ್ತಿಗೆ ಕೈಕೊಡಬಹುದು. ಆದ್ದರಿಂದಲೇ ಡೆಮೊ ಕಾರಿನ ಒಂದು ದಾಖಲೆಗಿಂತ, ಒಂದೇ ಬಿಡಿಭಾಗವನ್ನು ಖರೀದಿಸಿದ ಹಲವು ಹವ್ಯಾಸಿಗಳು ವರ್ಷವಿಡೀ ಬೇರೆಬೇರೆ ದಿನಗಳಲ್ಲಿ ಪಡೆದ ಅಂಕಿಗಳಿಗೆ ಹೆಚ್ಚು ಬೆಲೆ.

ಸಾಗರದಾಚೆಗೆ

ಅಮೆರಿಕದಲ್ಲಿ ‘ಇಂಪೋರ್ಟ್ ಕಾರು’ ಎಂದರೆ ಮೋಟಾರು ಹವ್ಯಾಸಿಗಳ ಮಾತಿನಲ್ಲಿ ಮುಖ್ಯವಾಗಿ ಜಪಾನೀ ಕಾರು. ಹೊಂಡಾ ಸಿವಿಕ್, ಸುಬಾರು ಇಂಪ್ರೆಜಾ, ಲ್ಯಾನ್ಸರ್ ಎವಲ್ಯೂಷನ್ ಮೊದಲಾದವುಗಳ ಸುತ್ತ ಅಲ್ಲಿ ಬೆಳೆದ ಹವ್ಯಾಸಿಗಳ ಬಳಗಕ್ಕೆ 2000ರ ದಶಕದ ಮೊದಲ ಭಾಗದಲ್ಲಿ ಟೈಮ್ ಅಟ್ಯಾಕ್ ಪರಿಚಯವಾಯಿತು. ಕ್ಯಾಲಿಫೋರ್ನಿಯಾದ ಬಟನ್‌ವಿಲೋ ಟ್ರ್ಯಾಕಿನಲ್ಲಿ ನಡೆದ ‘ಸೂಪರ್ ಲ್ಯಾಪ್ ಬ್ಯಾಟಲ್’ ಈ ಬಗೆಯ ಆರಂಭದ ಸ್ಪರ್ಧೆಗಳಲ್ಲಿ ಒಂದು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ‘ವರ್ಲ್ಡ್ ಟೈಮ್ ಅಟ್ಯಾಕ್ ಚಾಲೆಂಜ್’ 2010ರಲ್ಲಿ ಆರಂಭವಾಯಿತು. ಅಲ್ಲಿನ ಸುಮಾರು 3.9 ಕಿ.ಮೀ. ಉದ್ದದ ಟ್ರ್ಯಾಕಿನಲ್ಲಿ ಮೊದಲ ವರ್ಷ ಜಪಾನಿನ ತಂಡ 1 ನಿಮಿಷ 30 ಸೆಕೆಂಡಿನ ಆಸುಪಾಸಿನ ಕಾಲದಿಂದ ಗೆದ್ದಿತು. 2019ರ ವೇಳೆಗೆ ಪೋರ್ಷೆ 968 ಆಧರಿಸಿದ ಆಸ್ಟ್ರೇಲಿಯಾದ ಕಾರು 1 ನಿಮಿಷ 20 ಸೆಕೆಂಡಿಗಿಂತ ಕೆಳಗಿಳಿಯಿತು. ಹತ್ತು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಹತ್ತು ಸೆಕೆಂಡುಗಳ ಈ ಗಳಿಕೆ ಮುಖ್ಯವಾಗಿ ಗಾಳಿಯ ಒತ್ತಡದ ವಿನ್ಯಾಸ ಮತ್ತು ಎಂಜಿನ್ ತಯಾರಿಕೆಯಲ್ಲಾದ ಪ್ರಗತಿಯ ಫಲ.

ಈ ಉದ್ಯಮದ ಒಂದು ದೌರ್ಬಲ್ಯವನ್ನೂ ಇಲ್ಲಿ ಹೇಳಬೇಕು. ಬಿಡಿಭಾಗದ ತಯಾರಕ ತನ್ನ ಕೈಯಲ್ಲಿಲ್ಲದ ಮೂಲ ಕಾರನ್ನು ಅವಲಂಬಿಸಿದ್ದಾನೆ. ಸ್ಕೈಲೈನ್ ಜಿಟಿ-ಆರ್‌ನ ಆರ್34 ಮಾದರಿ, ನಿಸಾನ್ ಸಿಲ್ವಿಯಾ ಮತ್ತು ಮಜ್ದಾ ಆರ್‌ಎಕ್ಸ್-7 ಈ ಮೂರರ ಉತ್ಪಾದನೆಯೂ 2002ರಲ್ಲಿ ನಿಂತಿತು. ಆದರೆ ಬೇಡಿಕೆ ಸಾಯಲಿಲ್ಲ. ಅಮೆರಿಕದ ಕಾನೂನಿನಂತೆ 25 ವರ್ಷ ತುಂಬಿದ ವಿದೇಶಿ ಕಾರಿಗೆ ಆ ದೇಶದ ಸುರಕ್ಷತಾ ಮಾನದಂಡಗಳಿಂದ ವಿನಾಯಿತಿ ಇದೆ. ಇದರಿಂದಾಗಿ 1989ರ ಜಿಟಿ-ಆರ್ 2014ರಲ್ಲಿ, 1999ರ ಆರ್34 ಮಾದರಿ 2024ರಲ್ಲಿ ಅಲ್ಲಿಗೆ ಪ್ರವೇಶ ಪಡೆದವು. ಹಳೆಯ ಕಾರುಗಳಿಗೆ ಹೊಸ ಗಿರಾಕಿಗಳು ದೊರೆತುದನ್ನು ಕಂಡು ನಿಸಾನ್ ಕೂಡ 2017ರಲ್ಲಿ ಹಳೆಯ ಜಿಟಿ-ಆರ್‌ಗಳ ಬಿಡಿಭಾಗಗಳನ್ನು ಮತ್ತೆ ತಯಾರಿಸತೊಡಗಿತು.

ಹವ್ಯಾಸಿಯೇ ಗಿರಾಕಿ

ದಾಖಲೆ ಮುರಿಯುವವರು ಬೆರಳೆಣಿಕೆಯಷ್ಟು ಮಂದಿ. ವ್ಯಾಪಾರ ನಡೆಯುವುದು ಅವರ ಹಿಂದಿರುವ ಸಾಮಾನ್ಯ ಹವ್ಯಾಸಿಗಳಿಂದ. ವಾರವೆಲ್ಲ ಕೆಲಸ ಮಾಡಿ ರಜಾದಿನದಲ್ಲಿ ಶುಲ್ಕ ತೆತ್ತು ಟ್ರ್ಯಾಕಿಗೆ ಬರುವವನಿಗೆ ನಗದು ಬಹುಮಾನ ದೊರೆಯುವುದು ಅಪರೂಪ. ತನ್ನದೇ ಹಿಂದಿನ ಕಾಲವನ್ನು ಅರ್ಧ ಸೆಕೆಂಡು ತಗ್ಗಿಸುವುದೇ ಅವನ ಗುರಿ. ಇಂತಹವರನ್ನು ಉಳಿಸಿಕೊಳ್ಳಲು ಸಂಘಟಕರು ವರ್ಗಗಳನ್ನು ಮಾಡಿದ್ದಾರೆ. ಸಿಡ್ನಿಯಲ್ಲಿ ವೃತ್ತಿಪರರ ‘ಪ್ರೊ’ ವರ್ಗದ ಕೆಳಗೆ ‘ಓಪನ್’ ಮತ್ತು ‘ಕ್ಲಬ್‌ಸ್ಪ್ರಿಂಟ್’ ವರ್ಗಗಳಿವೆ. ಅಮೆರಿಕದ ಕೆಲವು ಸಂಸ್ಥೆಗಳು ಕಾರಿನ ತೂಕ ಮತ್ತು ಶಕ್ತಿಯ ಅನುಪಾತದಂತೆ ವರ್ಗೀಕರಿಸುತ್ತವೆ. ಟೈರಿನ ಬಗೆಯನ್ನು ನಿಯಮದಿಂದ ಸೀಮಿತಗೊಳಿಸುವುದರಿಂದ ಹೆಚ್ಚು ಹಣ ಸುರಿದವನೇ ಗೆಲ್ಲುವ ಸಾಧ್ಯತೆ ತಗ್ಗುತ್ತದೆ.

ವರ್ತಕರ ಲೆಕ್ಕದಲ್ಲಿ ಟರ್ಬೊ ಒಮ್ಮೆ ಮಾರಾಟವಾಗುವ ಸರಕು. ಟೈರು, ಬ್ರೇಕ್ ಪ್ಯಾಡ್ ಮತ್ತು ಆಯಿಲ್ ಮತ್ತೆ ಮತ್ತೆ ಮಾರಾಟವಾಗುವಂಥವು. ದೊಡ್ಡ ಟೈರು ಕಂಪನಿಗಳು ಈ ಸ್ಪರ್ಧೆಗಳಿಗೆ ಬೆಂಬಲ ನೀಡುವುದರ ಹಿಂದೆ ಈ ಲೆಕ್ಕಾಚಾರವಿದೆ.

ನಷ್ಟದ ಹೊಣೆಯಾದರೋ ಪೂರ್ತಿ ಹವ್ಯಾಸಿಯದೇ. ಖಾಸಗಿ ಕಾರಿನ ಸಾಮಾನ್ಯ ವಿಮೆ ವೇಗಸ್ಪರ್ಧೆಯಲ್ಲಾದ ಹಾನಿಯನ್ನು ಭರಿಸುವುದಿಲ್ಲ. ಬ್ರೇಕು ವಿಫಲವಾಗಿ ತಡೆಗೋಡೆಗೆ ಬಡಿದ ಕಾರಿನೊಡನೆ ಹಲವು ವರ್ಷಗಳ ಉಳಿತಾಯವೂ ಹೋಗುತ್ತದೆ. ಕಳಪೆ ಬಿಡಿಭಾಗ ಮಾರಿದ ವರ್ಕ್‌ಶಾಪಿನ ಹೆಸರು ಅದೇ ಸಂಜೆ ಟ್ರ್ಯಾಕಿನ ಬಳಗದಲ್ಲೆಲ್ಲ ಹರಡುತ್ತದೆ.

ಕಾನೂನಿನ ಪಾತ್ರ

ಈ ಉದ್ಯಮ ನೆಲೆ ನಿಲ್ಲಲು ಕೌಶಲ್ಯದಷ್ಟೇ ಸ್ಪಷ್ಟ ನಿಯಮವೂ ಕಾರಣ. ಜಪಾನಿನಲ್ಲಿ ಹೊಸ ಖಾಸಗಿ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆ ಉಂಟು. 1995ರಲ್ಲಿ ಆ ಸರಕಾರ ತಪಾಸಣಾ ನಿಯಮಗಳನ್ನು ಸಡಿಲಿಸಿ, ಗೊತ್ತುಪಡಿಸಿದ ಬಿಡಿಭಾಗಗಳ ಅಳವಡಿಕೆಗೆ ಪ್ರತ್ಯೇಕ ಅನುಮತಿಯ ಅಗತ್ಯವನ್ನು ತೆಗೆಯಿತು. ಆವರೆಗೆ ಸಂಶಯದಿಂದ ನೋಡಲಾಗುತ್ತಿದ್ದ ವ್ಯಾಪಾರಕ್ಕೆ ಇದರಿಂದ ರಾಜಮಾರ್ಗ ತೆರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಹೊಗೆ ಉಗುಳುವಿಕೆಯ ಮೇಲೆ ಪರಿಣಾಮ ಬೀರುವ ಬಿಡಿಭಾಗವು ವಾಯು ಸಂಪನ್ಮೂಲ ಮಂಡಳಿಯ ವಿನಾಯಿತಿ ಆದೇಶ ಪಡೆದಿದ್ದರೆ ಮಾತ್ರ ರಸ್ತೆಯ ಕಾರಿನಲ್ಲಿ ಬಳಸಬಹುದು. ‘ಕೇವಲ ರೇಸ್ ಬಳಕೆಗೆ’ ಎಂಬ ಚೀಟಿ ಅಂಟಿಸಿ ರಸ್ತೆಯ ಕಾರುಗಳಿಗೆ ಮಾರುವವರ ವಿರುದ್ಧ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2020ರಿಂದ ವಿಶೇಷ ಕ್ರಮ ಕೈಗೊಂಡಿತು.

ಭಾರತದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕನ ಮೂಲ ವಿವರಗಳಿಗಿಂತ ಭಿನ್ನವಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ನಿಯಮಬಾಹಿರ ಮಾರ್ಪಾಟು ಮಾಡುವ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಟಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಟ್ರ್ಯಾಕಿನಲ್ಲಷ್ಟೇ ಓಡುವ, ಲಾರಿಯ ಮೇಲೆ ಸಾಗಿಸುವ ಸ್ಪರ್ಧಾ ಕಾರಿನ ಮಾತು ಬೇರೆ. ದಕ್ಷಿಣ ಭಾರತದಲ್ಲಿ ಚೆನ್ನೈ ಸಮೀಪದ ಇರುಂಗಾಟ್ಟುಕೋಟ್ಟೈ ಮತ್ತು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಂತಹ ಓಟಕ್ಕೆ ನೆಲೆಗಳು.

ಈ ಹಿನ್ನೆಲೆಯಲ್ಲಿ, ಪೀಣ್ಯದಂತಹ ಪ್ರದೇಶಗಳಲ್ಲಿ ನಿಖರ ಯಂತ್ರಕೆಲಸ ಬಲ್ಲ ಸಣ್ಣ ಘಟಕಗಳು ಈ ಕ್ಷೇತ್ರದತ್ತ ಗಮನ ಹರಿಸುವುದಾದರೆ ರಸ್ತೆಯ ವಾಹನ ಮತ್ತು ಸ್ಪರ್ಧೆಯ ವಾಹನ ಇವೆರಡರ ವ್ಯತ್ಯಾಸವನ್ನು ಮೊದಲೇ ಅರಿತಿರಬೇಕಾಗುತ್ತದೆ. ರಫ್ತಿನ ಸಂದರ್ಭದಲ್ಲಿ ಆಮದು ಮಾಡಿಕೊಳ್ಳುವ ದೇಶದ ಪ್ರಮಾಣೀಕರಣದ ನಿಯಮಗಳೂ ಅನ್ವಯಿಸುತ್ತವೆ. ಹೊರದೇಶಗಳ ಅನುಭವ ತಿಳಿಸುವುದಿಷ್ಟು: ಕಾನೂನು ಅಂಗೀಕರಿಸಿದ ಸರಕು, ಹವ್ಯಾಸಿಗೆ ಎಟುಕುವ ಶುಲ್ಕದ ಟ್ರ್ಯಾಕು ಮತ್ತು ಎಲ್ಲರೂ ಒಪ್ಪುವ ಗಡಿಯಾರ ಇವು ಒಂದೆಡೆ ಸೇರಿದಲ್ಲಿ ಸಣ್ಣ ವರ್ಕ್‌ಶಾಪಿಗೂ ದೊಡ್ಡ ಕಂಪನಿಯ ಸರಿಸಮಕ್ಕೆ ನಿಂತು ತನ್ನ ಸರಕಿನ ಗುಣವನ್ನು ಸ್ಥಾಪಿಸುವ ಅವಕಾಶ ದೊರೆಯುತ್ತದೆ. ಈ ಮೂರರಲ್ಲಿ ಮೊದಲನೆಯದು ಇಲ್ಲದಿದ್ದರೆ ಉಳಿದೆರಡರಿಂದ ಮಾರುಕಟ್ಟೆ ಬೆಳೆಯದು.