ವಂತಿಗೆ ಎತ್ತುವುದಾದರೆ ವಾದಕ್ಕೂ ಎತ್ತೋಣ

ಕೊಳವೆಬಾವಿಯ ಮೋಟರುಗಳಿಗೆ ಕರೆಂಟು ಕೊಡುವ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟುಹೋದರೆ ಹಳ್ಳಿಗಳಲ್ಲಿ ಮೊದಲು ಶುರುವಾಗುವುದು ವಂತಿಗೆ ಎತ್ತುವ ಕೆಲಸ. ಆ ಲೈನಿನ ರೈತರು ತಲೆಗಿಷ್ಟು ಎಂದು ಹಾಕಿ, ಟೆಂಪೊ ಹಿಡಿದು, ಸುಟ್ಟ ಟಿಸಿಯನ್ನು ಹೇರಿಕೊಂಡು ಹೋಗಿ ಬದಲಿ ತರುವುದು ರಾಜ್ಯದ ಎಷ್ಟೋ ಕಡೆ ರೂಢಿಯೇ ಆಗಿಬಿಟ್ಟಿದೆ. ಒಣಗುತ್ತಿರುವ ಬೆಳೆ ಯಾವ ಕಾನೂನಿಗೂ ಕಾಯುವುದಿಲ್ಲವಾದ್ದರಿಂದ ಅವರನ್ನು ದೂರುವಂತಿಲ್ಲ. ಆದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2004ರಲ್ಲೇ ಮಾಡಿದ ನಿಯಮ ಬೇರೆಯೇ ಹೇಳುತ್ತದೆ. ಕೆಟ್ಟ ಟಿಸಿಯನ್ನು ನಗರಗಳಲ್ಲಿ 24 ಗಂಟೆ, ಹಳ್ಳಿಗಳಲ್ಲಿ 72 ಗಂಟೆಯೊಳಗೆ ಬದಲಿಸುವ ಹೊಣೆ ಸರಬರಾಜು ಕಂಪನಿಯದು. ತಡವಾದರೆ ಬಾಧಿತ ಗ್ರಾಹಕರಿಗೆ ಪರಿಹಾರವನ್ನೂ ಕೊಡಬೇಕು. ಅಂದರೆ ರೈತರು ಒಟ್ಟಾಗಿ ಹಣ ಹಾಕುತ್ತಿರುವುದು ನಿಜ, ಹಾಕುತ್ತಿರುವ ಜಾಗ ಮಾತ್ರ ತಪ್ಪು. ಅದೇ ವಂತಿಗೆಯ ಒಂದು ಪಾಲು ಟೆಂಪೊ ಬಾಡಿಗೆಯ ಬದಲು ವಾದ ಮಾಡುವವರಿಗೆ, ಲೆಕ್ಕ ಓದುವವರಿಗೆ, ಅರ್ಜಿ ಹಿಡಿದು ಆಯೋಗದ ಮುಂದೆ ನಿಲ್ಲುವವರಿಗೆ ಹೋಗಬೇಕು ಎಂಬುದೇ ಈ ಲೇಖನದ ವಾದ.

ಹನೂರು ತಾಲ್ಲೂಕಿನ ಒಡೆಯರಪಾಳ್ಯವನ್ನೇ ನೋಡಿ. ಕಾಡಂಚಿನ ಊರು, ಮುಸುಕಿನ ಜೋಳ ಬೆಳೆಯುವ ನೆಲ, ಪಕ್ಕದಲ್ಲಿ 1970ರ ದಶಕದಲ್ಲಿ ನೆಲೆಯಾದ ಟಿಬೆಟನ್ನರ ಧೊಂಡೆನ್‌ಲಿಂಗ್ ವಸಾಹತು. ಇಲ್ಲಿನವರು ಬೀಜ, ಗೊಬ್ಬರ, ಔಷಧಿ, ಮೊಬೈಲು, ವಿಮೆ, ಕರೆಂಟು ಎಲ್ಲವನ್ನೂ ಕೊಳ್ಳುವವರೇ. ಕಾನೂನೇನೋ ಇವರ ಪರವಾಗಿಯೇ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದು 2020ರ ಜುಲೈನಲ್ಲಿ ಜಾರಿಯಾದ 2019ರ ಕಾಯ್ದೆಯಂತೆ, ಕೊಟ್ಟ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ. ಮಾರಿದವನು ಯಾವ ಊರಿನವನಾದರೂ ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಗ್ರಾಹಕನೆನಿಸಿಕೊಳ್ಳಲು ಪೌರತ್ವವೂ ಬೇಕಿಲ್ಲ. ಕಾಯ್ದೆ ಹೇಳುವುದು ‘ವ್ಯಕ್ತಿ’ ಎಂದು, ಹಾಗಾಗಿ ಟಿಬೆಟನ್ ರೈತನಿಗೂ ಪಕ್ಕದ ಹೊಲದವನಿಗೂ ಇಲ್ಲಿ ಒಂದೇ ಹಕ್ಕು. ಇಷ್ಟೆಲ್ಲ ಇದ್ದರೂ ಬಾಗಿಲು ತಟ್ಟುವವರು ಕಡಿಮೆ. ತೂಕದಲ್ಲಿ ಇನ್ನೂರು ಗ್ರಾಂ ಕಡಿಮೆ ಬಂದದ್ದಕ್ಕೆ, ಬಿಲ್ಲಿನಲ್ಲಿ ನಲವತ್ತು ರೂಪಾಯಿ ಹೆಚ್ಚು ಬಂದದ್ದಕ್ಕೆ ಒಂದು ದಿನದ ಕೂಲಿ ಬಿಟ್ಟು, ಹನೂರು, ಕೊಳ್ಳೇಗಾಲ ದಾಟಿ ಚಾಮರಾಜನಗರಕ್ಕೆ ಯಾರು ಹೋಗುತ್ತಾರೆ? ಹೋಗದಿರುವುದೇ ಜಾಣತನ. ನಷ್ಟ ಒಬ್ಬೊಬ್ಬರಿಗೆ ಚಿಲ್ಲರೆ, ಲಾಭ ಮಾತ್ರ ಒಂದೇ ಕಡೆ ಇಡಿಗಂಟಾಗಿ ಕೂಡುತ್ತದೆ. ಆ ಗಂಟಿನಲ್ಲಿ ವಕೀಲರನ್ನೂ ಲೆಕ್ಕಿಗರನ್ನೂ ಇಟ್ಟುಕೊಳ್ಳಬಹುದು. ಚಿಲ್ಲರೆ ಕಳೆದುಕೊಂಡವರು ತಾವೂ ಕೂಡುವವರೆಗೆ ಎದುರು ನಿಲ್ಲಲಾರರು.

ಬೀಜದ ಪ್ರಕರಣ ಇದನ್ನು ಚೆನ್ನಾಗಿ ತೋರಿಸುತ್ತದೆ. ಬೀಜ ಮೊಳೆಯದೆ ಹೋದಾಗ ರೈತರು ಗ್ರಾಹಕ ವೇದಿಕೆಗೆ ಹೋದರೆ, ರೈತ ಬೀಜ ಕೊಂಡದ್ದು ವ್ಯಾಪಾರಕ್ಕೆ, ಅವನು ಗ್ರಾಹಕನೇ ಅಲ್ಲ ಎಂಬ ವಾದ ಎದುರಾಗುತ್ತಿತ್ತು. ಬೀಜದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿಲ್ಲ ಎಂಬುದು ಇನ್ನೊಂದು ತಕರಾರು. ರಾಷ್ಟ್ರೀಯ ಬೀಜ ನಿಗಮ ಮತ್ತು ಮಧುಸೂದನ ರೆಡ್ಡಿ ಪ್ರಕರಣದಲ್ಲಿ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ ತಳ್ಳಿಹಾಕಿತು. ಬೀಜ ಕೊಂಡ ರೈತನೂ ಗ್ರಾಹಕನೇ, ಕೊಂಡ ಬೀಜವನ್ನೆಲ್ಲ ಬಿತ್ತುವವನು ಪರೀಕ್ಷೆಗೆಂದು ಒಂದಿಷ್ಟು ತೆಗೆದಿಟ್ಟಿರಬೇಕೆಂದು ನಿರೀಕ್ಷಿಸುವುದು ಸರಿಯಲ್ಲ ಎಂದು ಹೇಳಿತು. ಬಿತ್ತನೆಯ ಬಗ್ಗೆ ಏನೂ ತಿಳಿಯದವರು ಎತ್ತಬಹುದಾದ ಆ ತಕರಾರು ದೆಹಲಿಯವರೆಗೆ ಹೋಗಿ ಇತ್ಯರ್ಥವಾಗಬೇಕಾಯಿತು. ಮಾರಿದವರು ಜಿಲ್ಲೆ, ರಾಜ್ಯ, ರಾಷ್ಟ್ರೀಯ ಆಯೋಗ, ಸುಪ್ರೀಂ ಕೋರ್ಟ್ ಎಂದು ಮೇಲ್ಮನವಿಯ ಮೆಟ್ಟಿಲು ಹತ್ತುತ್ತ ಹೋದರೆ ಎರಡೆಕರೆ ಜೋಳದವನು ಒಬ್ಬನೇ ಎಷ್ಟು ದೂರ ಹತ್ತಿಯಾನು? ಇಂದು ಹನೂರಿನಲ್ಲಿ ಕಳಪೆ ಬೀಜ ಕೊಂಡವನಿಗೂ ಆ ತೀರ್ಪು ಆಸರೆ. ಅದನ್ನು ಅವನಿಗೆ ಓದಿ ಹೇಳುವವರು, ಅರ್ಜಿಯಲ್ಲಿ ಸೇರಿಸುವವರು ಇರಬೇಕಷ್ಟೆ.

ಇಂಥ ಕೆಲಸಕ್ಕೆ ಸಂಘಟನೆ ಬೇಕು ಎಂಬುದನ್ನು ನಮ್ಮ ದೇಶ ತಡವಾಗಿ ಕಲಿತದ್ದೇನಲ್ಲ. ಮುಂಬೈಯಲ್ಲಿ 1966ರಲ್ಲಿ ಒಂಬತ್ತು ಮಂದಿ ಗೃಹಿಣಿಯರು ಕನ್ಸ್ಯೂಮರ್ ಗೈಡೆನ್ಸ್ ಸೊಸೈಟಿ ಕಟ್ಟಿದರು, ಆಗಿನ್ನೂ ಗ್ರಾಹಕ ಕಾಯ್ದೆಯೇ ಇರಲಿಲ್ಲ. ಅಹಮದಾಬಾದಿನಲ್ಲಿ 1978ರಲ್ಲಿ ಹುಟ್ಟಿದ ಗ್ರಾಹಕ ಸಂಸ್ಥೆ ಸಿಇಆರ್‌ಸಿ (ಕನ್ಸ್ಯೂಮರ್ ಎಜುಕೇಶನ್ ಅಂಡ್ ರಿಸರ್ಚ್ ಸೆಂಟರ್) ಜೀವವಿಮಾ ನಿಗಮದ ಒಂದು ಪಾಲಿಸಿಯನ್ನು ಪ್ರಶ್ನಿಸಿತು. ಕಡಿಮೆ ಕಂತಿನ ಆ ಪಾಲಿಸಿ ಸರ್ಕಾರಿ, ಅರೆಸರ್ಕಾರಿ, ಹೆಸರಾಂತ ಕಂಪನಿಗಳ ಸಂಬಳದಾರರಿಗೆ ಮಾತ್ರ ಎಂಬ ಷರತ್ತು ಸಂವಿಧಾನಬಾಹಿರ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಸಿಇಆರ್‌ಸಿ ಪೂರ್ತಿ ವಂತಿಗೆಯ ಮೇಲೆ ನಿಂತ ಸಂಸ್ಥೆಯಲ್ಲ. ಆದರೆ ತನ್ನದೇ ಸಂಶೋಧಕರು, ತನ್ನದೇ ವಕೀಲರು ಇದ್ದುದರಿಂದ ಹೊಲಗೆಲಸದವನ ಪರವಾಗಿಯೂ ಅಷ್ಟು ವರ್ಷ ಹೋರಾಡಲು ಅದಕ್ಕೆ ಆಯಿತು. ಪೂರ್ತಿ ಜನರ ಹಣದಿಂದ ನಡೆಯುವ ಮಾದರಿ ಅಮೆರಿಕದ ಇಲಿನಾಯ್ ರಾಜ್ಯದ್ದು. ವಿದ್ಯುತ್ ಕಂಪನಿ ದರ ಏರಿಸಲು ತಜ್ಞರನ್ನು ಇಟ್ಟುಕೊಳ್ಳುತ್ತದೆ, ಅದರ ಖರ್ಚನ್ನೂ ಬಿಲ್ಲಿನಲ್ಲೇ ವಸೂಲು ಮಾಡುತ್ತದೆ, ವಿರೋಧಿಸಬೇಕಾದ ಗ್ರಾಹಕನಿಗೆ ತಜ್ಞರಿಲ್ಲ. ಈ ಅಸಮತೆ ಕಂಡು ಅಲ್ಲಿನ ಶಾಸನಸಭೆ 1983ರಲ್ಲಿ ಸಿಟಿಜನ್ಸ್ ಯುಟಿಲಿಟಿ ಬೋರ್ಡ್ ರಚಿಸಿತು. ತೆರಿಗೆಯ ಹಣದಿಂದಲ್ಲ, ಸದಸ್ಯರ ಸಣ್ಣ ಸಣ್ಣ ವಂತಿಗೆಯಿಂದ ಅದು ನಡೆಯಬೇಕೆಂದು ಗೊತ್ತುಮಾಡಿತು. 1990ರ ದಶಕದ ಆರಂಭದಲ್ಲಿ ಈ ಬೋರ್ಡು ಇತರ ಸಂಘಟನೆಗಳ ಜೊತೆ ಸೇರಿ ವಿದ್ಯುತ್ ಕಂಪನಿಯೊಂದರಿಂದ ಗ್ರಾಹಕರಿಗೆ ಕೊಡಿಸಿದ ಮರುಪಾವತಿ ನೂರು ಕೋಟಿ ಡಾಲರನ್ನೂ ದಾಟಿತ್ತು.

ಅಮೆರಿಕದವರೆಗೆ ಹೋಗಬೇಕಾಗಿಯೂ ಇಲ್ಲ. ಕುಂದಾಪುರದ ಹತ್ತಿರದ ಬಸ್ರೂರಿನಲ್ಲಿ ಡಾ. ರವೀಂದ್ರನಾಥ ಶಾನಭಾಗರು ಮತ್ತು ಜೊತೆಗಾರರು ಕಟ್ಟಿದ ಬಳಕೆದಾರರ ವೇದಿಕೆ 1980ರ ದಶಕದಲ್ಲೇ ರಾಜ್ಯಕ್ಕೆಲ್ಲ ಹೆಸರಾಯಿತು. ಬಸ್ರೂರು ನಗರವಲ್ಲ, ಹಳ್ಳಿ ಎಂಬುದನ್ನು ಗಮನಿಸಬೇಕು. ಮೈಸೂರಿನಲ್ಲಿ ಭಾಮಿ ವಿ. ಶೆಣೈ ಮೊದಲಾದವರು ಅದೇ ದಶಕದ ಕೊನೆಯಲ್ಲಿ ಆರಂಭಿಸಿದ ಮೈಸೂರು ಗ್ರಾಹಕರ ಪರಿಷತ್ತು ನೀರು, ಕಸ, ಅಡುಗೆ ಅನಿಲ, ಕರೆಂಟು ಎಂದು ನಾಗರಿಕರ ದಿನದ ಸಂಗತಿಗಳನ್ನೇ ಹಿಡಿದುಕೊಂಡು ಬಂದಿದೆ. ಎರಡನ್ನೂ ನಡೆಸಿದವರು ಬಹುಮಟ್ಟಿಗೆ ಬಿಡುವಿನ ವೇಳೆ ಕೊಟ್ಟ ಸ್ವಯಂಸೇವಕರು. ಅದು ಅವುಗಳ ಶಕ್ತಿ. ನನ್ನ ದೃಷ್ಟಿಯಲ್ಲಿ ಅವುಗಳ ಮಿತಿಯೂ ಹೌದು. ಒಬ್ಬಿಬ್ಬರ ಉತ್ಸಾಹದ ಮೇಲೆ ನಿಂತದ್ದು ಅವರಿಗೆ ವಯಸ್ಸಾದಂತೆ ಸೊರಗುತ್ತದೆ. ತಿಂಗಳ ವಂತಿಗೆಯ ಮೇಲೆ ನಿಂತದ್ದಕ್ಕೆ ಆ ಭಯ ಕಡಿಮೆ.

ಇದಕ್ಕೆಲ್ಲ ಸರ್ಕಾರವೇ ಇಲ್ಲವೇ ಎಂದು ಕೇಳುವವರಿದ್ದಾರೆ. ತೂಕ ನೋಡಲು ಕಾನೂನುಮಾಪನ ಇಲಾಖೆ ಇದೆ, 1915 ಸಂಖ್ಯೆಯ ಸಹಾಯವಾಣಿ ಇದೆ, 2020ರಿಂದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಇದೆ. ಇವೆಲ್ಲ ಬೇಕು, ಇವನ್ನು ಬಳಸಲೂ ಬೇಕು. ಆದರೆ ಹಳ್ಳಿಯವನು ಕೊಳ್ಳುವ ಸೇವೆಗಳಲ್ಲಿ ಎಷ್ಟೋ ಮಾರುವುದು ಸರ್ಕಾರವೇ. ಚಾಮರಾಜನಗರ ಜಿಲ್ಲೆಗೆ ಕರೆಂಟು ಕೊಡುವ ಸೆಸ್ಕ್ ಸರ್ಕಾರದ ಕಂಪನಿ, ಬಸ್ಸು ಸರ್ಕಾರದ್ದು. ಸರ್ಕಾರದ ಅನುದಾನ ಪಡೆದ ಸಂಘ ಮಾಹಿತಿ ಶಿಬಿರವನ್ನು ಚೆನ್ನಾಗಿಯೇ ನಡೆಸೀತು, ಅದೇ ಸರ್ಕಾರದ ಕಂಪನಿಯ ಎದುರು ಕಟಕಟೆ ಹತ್ತುವಾಗ ಅದರ ಕಾಲು ಹಿಂದೆ ಸರಿಯುತ್ತದೆ. ವ್ಯಾಪಾರಿಗಳ ಜಾಹೀರಾತಿನ ಹಣಕ್ಕೂ ಇದೇ ಮಾತು.

ಬಡವರಿಂದ ಹಣ ಕೇಳುವುದು ನ್ಯಾಯವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಟಿಸಿಗೆ, ಊರಹಬ್ಬಕ್ಕೆ, ಗುಡಿಯ ಜೀರ್ಣೋದ್ಧಾರಕ್ಕೆ ಮನೆಗಿಷ್ಟು ಎಂದು ಕೊಡುವ ರೂಢಿ ಇರುವ ಕಡೆ ಕೊಡುವ ಶಕ್ತಿ ಇಲ್ಲವೇ ಇಲ್ಲ ಎನ್ನಲಾಗದು. ಸಾವಿರ ಮನೆಗಳು ತಿಂಗಳಿಗೆ ಹತ್ತು ರೂಪಾಯಿಯಂತೆ ಕೊಟ್ಟರೆ ವರ್ಷಕ್ಕೆ 1,20,000 ರೂಪಾಯಿ. ಅರೆಕಾಲಿಕ ಕೆಲಸಗಾರನೊಬ್ಬ, ಅರ್ಜಿ ಬರೆಯುವ ಖರ್ಚು, ವಿಚಾರಣೆಗೆ ಹೋಗಿಬರುವ ಬಸ್ ಚಾರ್ಜು ಅದರಲ್ಲಿ ಮುಗಿದೀತು. ಕೊಡದವರೂ ಲಾಭ ಪಡೆಯುತ್ತಾರಲ್ಲ ಎಂದರೆ, ಪಡೆಯಲಿ. ವಿಮೆಯ ತೀರ್ಪಿನ ಲಾಭ ಪಡೆಯಲು ಯಾರೂ ಅಹಮದಾಬಾದಿನ ಸಂಸ್ಥೆಗೆ ಕಾಸು ಕೊಟ್ಟಿರಬೇಕಾಗಿರಲಿಲ್ಲ. ಹತ್ತರಲ್ಲಿ ಒಬ್ಬರು ಕೊಟ್ಟರೂ ಇಂಥ ಕೆಲಸ ನಡೆಯುತ್ತದೆ. ನನಗೆ ನಿಜವಾಗಿ ಅಂಜಿಕೆ ಇರುವುದು ಬೇರೊಂದು ಕಡೆ: ಹೋರಾಟದ ಹೆಸರಿನಲ್ಲಿ ಅಂಗಡಿಯವರಿಂದ, ಗುತ್ತಿಗೆದಾರರಿಂದ ವಸೂಲಿಗೆ ಇಳಿಯುವ ಸಂಘಗಳೂ ನಮ್ಮಲ್ಲಿವೆ. ಇಂಥವರನ್ನು ತಡೆಯುವ ದಾರಿ ವಂತಿಗೆಯಲ್ಲೇ ಇದೆ. ಯಾರೂ ವರ್ಷಕ್ಕೆ ಇಷ್ಟಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿ, ದೂರಿನ ಎದುರು ಪಕ್ಷದಿಂದ ಬಿಡಿಗಾಸೂ ಕೂಡದೆಂಬ ನಿಯಮ, ವರ್ಷದ ಲೆಕ್ಕ ಪಂಚಾಯಿತಿ ಕಟ್ಟೆಯ ಗೋಡೆಗೆ ಅಂಟಿಸುವ ಪದ್ಧತಿ. ಈ ಮೂರೂ ಇಲ್ಲದ ಸಂಘಕ್ಕೆ ಒಂದು ರೂಪಾಯಿಯನ್ನೂ ಕೊಡಬಾರದು.

ಪಂಪ್‌ಸೆಟ್ಟಿಗೆ ಹತ್ತು ಎಚ್‌ಪಿವರೆಗೆ ಕರೆಂಟು ಉಚಿತ, ಮನೆಗೂ 2023ರಿಂದ ಗೃಹಜ್ಯೋತಿ ಬಂದಿದೆ, ಇನ್ನು ದರದ ಗೊಡವೆ ಯಾಕೆ ಎನ್ನಬಹುದು. ಉಚಿತವೆಂದರೆ ಯಾರೂ ಕಟ್ಟುವುದಿಲ್ಲವೆಂದಲ್ಲ, ಸಬ್ಸಿಡಿಯಾಗಿ ಬೊಕ್ಕಸ ಕಟ್ಟುತ್ತದೆ. ಪಂಪ್‌ಸೆಟ್ಟುಗಳಲ್ಲಿ ಬಹುಪಾಲಕ್ಕೆ ಮೀಟರಿಲ್ಲವಾದ್ದರಿಂದ ಅವು ಬಳಸಿದ್ದು ಇಷ್ಟು ಎಂಬುದು ಅಂದಾಜಿನ ಲೆಕ್ಕ. ಸೋರಿಕೆ, ಕಳ್ಳತನದ ನಷ್ಟವನ್ನೂ ಆ ಅಂದಾಜಿನಲ್ಲಿ ತುರುಕಿ ರೈತನ ತಲೆಗೆ ಕಟ್ಟಲು ಅವಕಾಶವಿದೆ ಎಂದು ಪುಣೆಯ ಪ್ರಯಾಸ್‌ನಂಥ ಅಧ್ಯಯನ ಸಂಸ್ಥೆಗಳು ಬಹಳ ಕಾಲದಿಂದ ತೋರಿಸುತ್ತ ಬಂದಿವೆ. ಕಾಗದದಲ್ಲಿ ರೈತ ಬಳಸಿದ ಕರೆಂಟು ಬೆಟ್ಟದಷ್ಟು, ಹೊಲದಲ್ಲಿ ಮೂರು ಫೇಸ್ ಸಿಗುವುದು ದಿನಕ್ಕೆ ಕೆಲವೇ ಗಂಟೆ. ಈ ಅಂತರವನ್ನು ದರ ವಿಚಾರಣೆಯಲ್ಲಿ ಎತ್ತಬೇಕಾದವರು ರೈತರಲ್ಲದೆ ಬೇರೆ ಯಾರು? ಸೆಸ್ಕ್ ದರ ಪರಿಷ್ಕರಣೆಗೆ ಅರ್ಜಿ ಹಾಕಿದಾಗ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶ ಇರುತ್ತದೆ, ಸಾರ್ವಜನಿಕ ವಿಚಾರಣೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಗ್ರಾಹಕರ ಪರ ವಾದಿಸಲು ಯಾರನ್ನಾದರೂ ನೇಮಿಸುವ ಅಧಿಕಾರವನ್ನು 2003ರ ವಿದ್ಯುತ್ ಕಾಯ್ದೆ ನಿಯಂತ್ರಣ ಆಯೋಗಕ್ಕೆ ಕೊಟ್ಟಿದೆ.

ಹನೂರು, ಕೊಳ್ಳೇಗಾಲ, ಯಳಂದೂರು ಮೂರೂ ತಾಲ್ಲೂಕಿನವರು ಸೇರಿ ಒಂದು ಬಳಕೆದಾರರ ಸಂಘ ಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ನೋಂದಾಯಿಸಲು ಏಳು ಜನ ಸಾಕು. ಹಾಗೆ ನೋಂದಾಯಿತವಾದ ಸ್ವಯಂಸೇವಾ ಗ್ರಾಹಕ ಸಂಘ, ತನ್ನ ಸದಸ್ಯನೇ ಅಲ್ಲದ ಗ್ರಾಹಕನ ಪರವಾಗಿಯೂ ಜಿಲ್ಲಾ ಆಯೋಗದಲ್ಲಿ ದೂರು ಕೊಡಬಹುದು.