ಕಾಲೇಜು ನೋಡಲು ದೂರದ ಪ್ರಯಾಣ: ಮನಸ್ಸಿಲ್ಲದ ಹೆತ್ತವರನ್ನೂ ಜೊತೆಗೆ ಕರೆದೊಯ್ಯುವುದು ಹೇಗೆ?

ದ್ವಿತೀಯ ಪಿಯುಸಿ ಮುಗಿಯುತ್ತಾ ಬಂದಂತೆ ನಮ್ಮ ಕರಾವಳಿಯ ಅನೇಕ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಗಳು ಬೆಂಗಳೂರಿನ ಒಂದು ಕಾಲೇಜಿನ ಹೆಸರು ಹೇಳುತ್ತಾಳೆ. "ಯಾಕೆ, ಇಲ್ಲಿ ಕಾಲೇಜುಗಳಿಲ್ಲವಾ?" ಎಂದು ಪಪ್ಪ ಕೇಳುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಮತ್ತೆ ಅದು ಏಳುವುದು ಅರ್ಜಿ ಹಾಕುವ ಕೊನೆಯ ದಿನ, ಅಳು ಮತ್ತು ಸಿಟ್ಟಿನೊಂದಿಗೆ. ಇವೆರಡರ ನಡುವೆ ಮಾಡಬಹುದಾದ ಕೆಲಸವೊಂದಿದೆ. ಬೇಡ ಎನ್ನುವವರನ್ನೇ ಜೊತೆಗೆ ಕರೆದುಕೊಂಡು ಹೋಗಿ ಕಾಲೇಜನ್ನು ಕಣ್ಣಾರೆ ನೋಡಿ ಬರುವುದು.

ಪಪ್ಪನ ಪ್ರಶ್ನೆ ತಪ್ಪಲ್ಲ ಎಂಬುದನ್ನು ಮೊದಲೇ ಹೇಳಬೇಕು. ಮಂಗಳೂರಿನ ಸಂತ ಅಲೋಶಿಯಸ್ 1880ರಲ್ಲಿ, ಸಂತ ಆಗ್ನೆಸ್ 1921ರಲ್ಲಿ ಆರಂಭವಾದವು. ಮಣಿಪಾಲ, ಮೂಡುಬಿದಿರೆ, ಉಜಿರೆಗಳಿಗೆ ಹೊರ ಜಿಲ್ಲೆಗಳಿಂದಲೇ ಮಕ್ಕಳು ಓದಲು ಬರುತ್ತಾರೆ. ಹೀಗಿರುವಾಗ ಸುಮಾರು 350 ಕಿಲೋಮೀಟರ್ ದೂರ ಯಾಕೆ ಹೋಗಬೇಕು ಎಂಬುದಕ್ಕೆ ಉತ್ತರ ಕೊಡುವ ಹೊಣೆ ಮಗಳದ್ದೇ. "ನನ್ನ ಗೆಳತಿಯರೆಲ್ಲ ಹೋಗುತ್ತಿದ್ದಾರೆ" ಎಂಬುದು ಉತ್ತರವಾಗದು. ಆದುದರಿಂದ ಮೊದಲ ದಿನವನ್ನು ಊರಿನ ಕಾಲೇಜುಗಳಿಗೇ ಕೊಡಿ ಎಂದು ನಾವು ಸೂಚಿಸುತ್ತೇವೆ. ಹತ್ತಿರದ ಎರಡು ಕಾಲೇಜುಗಳಲ್ಲಿ ಅದೇ ವಿಷಯ ಇದೆಯೇ, ಫೀಸು ಎಷ್ಟು ಎಂದು ನೋಡಿದ ಮೇಲೆ ಬೆಂಗಳೂರಿನ ಮಾತಿಗೆ ತೂಕ ಬರುತ್ತದೆ. ತನ್ನ ಮಾತಿಗೆ ಬೆಲೆ ಸಿಕ್ಕಿತು ಎಂದು ತಿಳಿದ ಪಪ್ಪ ಮರುದಿನ ಕಾರು ತೆಗೆಯಲು ಅಷ್ಟೊಂದು ಹಿಂಜರಿಯಲಾರರು.

ಹೆತ್ತವರ ನೆನಪಿನಲ್ಲಿರುವ ಕಾಲೇಜು ಇಪ್ಪತ್ತೈದು, ಮೂವತ್ತು ವರ್ಷ ಹಳೆಯದು ಎಂಬುದೂ ಗಮನದಲ್ಲಿರಲಿ. ಬೆಂಗಳೂರಿನ ಸಂತ ಜೋಸೆಫರ ಕಾಲೇಜು 2022ರಲ್ಲಿ ವಿಶ್ವವಿದ್ಯಾನಿಲಯವಾಯಿತು. ನಮ್ಮ ಸಂತ ಅಲೋಶಿಯಸ್ 2024ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆಯಿತು. ರಾಜ್ಯ ಸರಕಾರ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಸ್ವಂತ ವಿಶ್ವವಿದ್ಯಾನಿಲಯವಾದ ಕಡೆ ನಾಲ್ಕು ವರ್ಷದ ಕೋರ್ಸೂ ಇರಬಹುದು. ಒಂದು ವರ್ಷ ಹೆಚ್ಚಾದರೆ ಫೀಸಿನ ಲೆಕ್ಕವೇ ಬೇರೆ. ಇದನ್ನೆಲ್ಲ ಮನೆಯಲ್ಲಿ ಕುಳಿತು ವಾದಿಸುವುದಕ್ಕಿಂತ ಕಾಲೇಜಿನ ಆಫೀಸಿನಲ್ಲೇ ಕೇಳುವುದು ವಾಸಿ.

ಇನ್ನು, ಬೇಡ ಎನ್ನುವುದರ ಹಿಂದೆ ಏನಿದೆ ಎಂದು ತಿಳಿಯಬೇಕು. ಕೆಲವರಿಗೆ ಹಣದ ಚಿಂತೆ. ಅದನ್ನು ಮಕ್ಕಳೆದುರು ಹೇಳಲು ಸಂಕೋಚ. ಕೆಲವರಿಗೆ ರ‍್ಯಾಗಿಂಗ್, ರಾತ್ರಿಯ ಓಡಾಟ, ಕೆಟ್ಟ ಸಹವಾಸದ ಭಯ. ಮಗಳು ಹೋದರೆ ಮನೆಯಲ್ಲಿ ಮಮ್ಮಿ ಮತ್ತು ಅಜ್ಜಿ ಇಬ್ಬರೇ ಉಳಿಯುತ್ತಾರೆ ಎಂಬ ಚಿಂತೆ ಗಲ್ಫ್‌ನಲ್ಲಿ ದುಡಿಯುವ ಅಪ್ಪಂದಿರಿಗೆ. ಯಾವುದು ಎಂದು ಗೊತ್ತಾದರೆ ಪ್ರಯಾಣದಲ್ಲಿ ಏನನ್ನು ನೋಡಬೇಕು ಎಂಬುದೂ ನಿರ್ಧಾರವಾಗುತ್ತದೆ. ಪ್ರಶ್ನೆಗಳ ಪಟ್ಟಿಯನ್ನು ಬೇಡ ಎನ್ನುವವರೇ ಬರೆಯಲಿ, ಕಾಲೇಜಿನಲ್ಲಿ ಅವರೇ ಕೇಳಲಿ. ಮದುವೆಗೆ ಹೋಗೋಣ ಎಂದು ಹೇಳಿ ಬೆಂಗಳೂರಿಗೆ ಕರೆತಂದು ದಾರಿಯಲ್ಲಿ ಕಾಲೇಜಿನ ಗೇಟಿಗೆ ಕಾರು ತಿರುಗಿಸುವ ಉಪಾಯ ಬೇಡ. ಒಮ್ಮೆ ನಂಬಿಕೆ ಹೋದರೆ ಆ ಕಾಲೇಜೂ ಕೈತಪ್ಪಿದಂತೆಯೇ.

ಯಾವಾಗ ಹೋಗಬೇಕು? 2024 ಮತ್ತು 2025ರಲ್ಲಿ ದ್ವಿತೀಯ ಪಿಯುಸಿ ಫಲಿತಾಂಶ ಏಪ್ರಿಲ್ ಮೊದಲಾರ್ಧದಲ್ಲೇ ಬಂತು, ಸಿಇಟಿಯೂ ಅದೇ ತಿಂಗಳು ಮುಗಿಯಿತು. ಅಲ್ಲಿಂದ ಮಳೆ ಹಿಡಿಯುವ ತನಕ ಸಿಗುವ ದಿನಗಳು ಒಳ್ಳೆಯವು. ಗಲ್ಫ್‌ನವರ ರಜೆಯೂ ಹೆಚ್ಚಾಗಿ ಆಗಲೇ ಇರುತ್ತದೆ. ಜುಲಾಯಿ, ಆಗಸ್ಟ್‌ಗೆ ಮುಂದೂಡಿದರೆ ಘಾಟಿಯ ಭರವಸೆಯಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಶಿರಾಡಿ, ಸಂಪಾಜೆ ಎರಡೂ ರಸ್ತೆಗಳು ಬಂದ್ ಆಗಿದ್ದವು. 2024ರ ಜುಲಾಯಿಯಲ್ಲೂ ಶಿರಾಡಿಯಲ್ಲಿ ಸಂಚಾರ ನಿಂತಿತ್ತು. ಸಿಇಟಿ ಮೂಲಕ ಸೀಟು ಪಡೆಯುವವರಂತೂ ಕಾಲೇಜುಗಳ ಆಯ್ಕೆಯನ್ನು ದಾಖಲಿಸುವ ಮೊದಲೇ ನೋಡಿರಬೇಕು. ಸೀಟು ಹಂಚಿಕೆಯಾದ ಬಳಿಕ ತೀರ್ಮಾನಕ್ಕೆ ಸಿಗುವುದು ಕೆಲವೇ ದಿನ. ಹೋಗುವ ಮುನ್ನ ಕಾಲೇಜಿಗೆ ಫೋನ್ ಮಾಡಿ, ತರಗತಿ ನಡೆಯುವ ದಿನವನ್ನೇ ಆರಿಸಿ. ಭಾನುವಾರ ಹೋದರೆ ಕಾಣುವುದು ಕಟ್ಟಡ ಮತ್ತು ವಾಚ್‌ಮ್ಯಾನ್ ಮಾತ್ರ.

ಮಂಗಳೂರಿನಿಂದ ಬಿ.ಸಿ. ರೋಡ್, ಉಪ್ಪಿನಂಗಡಿ, ಶಿರಾಡಿ, ಸಕಲೇಶಪುರ, ಹಾಸನ, ಕುಣಿಗಲ್ ದಾರಿಯಾಗಿ ಬೆಂಗಳೂರಿಗೆ ಏಳೆಂಟು ಗಂಟೆ ಹಿಡಿಯುತ್ತದೆ. ಉಡುಪಿ ಕಡೆಯವರು ಇನ್ನೂ ಒಂದೂವರೆ ಗಂಟೆ ಸೇರಿಸಿಕೊಳ್ಳಬೇಕು. ಬರುವಾಗ ಮೈಸೂರು, ಮಡಿಕೇರಿ, ಸುಳ್ಯ ಮಾರ್ಗ ಹಿಡಿದರೆ 1946ರಲ್ಲಿ ಸ್ಥಾಪನೆಯಾದ ಸಂತ ಫಿಲೋಮಿನಾ ಕಾಲೇಜನ್ನೂ ನೋಡಿದಂತಾಗುತ್ತದೆ. ಬೆಂಗಳೂರಿಗಿಂತ ನೂರು ಕಿಲೋಮೀಟರ್ ಹತ್ತಿರವಿರುವ ಮೈಸೂರಿಗೆ ಅಪ್ಪ, ಮಗಳು ಇಬ್ಬರೂ ಒಪ್ಪುವುದುಂಟು. ಒಟ್ಟು ಸುತ್ತು ಸುಮಾರು 750 ಕಿಲೋಮೀಟರ್. ಇದಕ್ಕೆ ಮೂರು ದಿನ ಬೇಕು. ದಿನಕ್ಕೆ ಎರಡು ಕಾಲೇಜಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ಮೂರನೆಯದಕ್ಕೆ ಮುಟ್ಟುವಾಗ ಎಲ್ಲರಿಗೂ ತಲೆನೋವು ಹಿಡಿದಿರುತ್ತದೆ, ಬೈಗುಳ ಸಿಗುವುದು ಮಾತ್ರ ಕಾಲೇಜಿಗೆ.

ಬೆಂಗಳೂರು ಮುಟ್ಟಿದ ಮೇಲೆ ಕಾರನ್ನು ಒಂದು ಕಡೆ ನಿಲ್ಲಿಸಿ, ಹಾಸ್ಟೆಲಿನಿಂದ ಕಾಲೇಜಿಗೆ ಮಗಳು ದಿನವೂ ಹೋಗಬೇಕಾದ ಬಸ್ಸಿನಲ್ಲೋ ಮೆಟ್ರೋದಲ್ಲೋ ಅವಳೊಂದಿಗೆ ಒಮ್ಮೆ ಹೋಗಿ ಬನ್ನಿ. ಸಂಜೆ ಆರೂವರೆಗೆ ಅದೇ ದಾರಿಯಲ್ಲಿ ಹಿಂದಿರುಗಿ. ಭಯಕ್ಕೆ ಕಾರಣವಿದ್ದರೆ ಕಾಣುತ್ತದೆ, ಇಲ್ಲದಿದ್ದರೆ ಅದೂ ಕಾಣುತ್ತದೆ.

ಹಾಸ್ಟೆಲನ್ನು ನೋಡದೆ ಬರಬೇಡಿ. ಹುಡುಗಿಯರ ಹಾಸ್ಟೆಲಿನೊಳಗೆ ಗಂಡಸರನ್ನು ಸಾಮಾನ್ಯವಾಗಿ ಬಿಡುವುದಿಲ್ಲ. ಪಪ್ಪ ಒಬ್ಬರೇ ಹೋದರೆ ಕಚೇರಿಯ ಬೆಂಚಿನಲ್ಲಿ ಕುಳಿತು ಹಿಂದೆ ಬರಬೇಕಾದೀತು. ಮಮ್ಮಿಯೋ ಅತ್ತೆಯೋ ಜೊತೆಗಿರಲಿ. ಒಂದು ಕೋಣೆಯಲ್ಲಿ ಎಷ್ಟು ಮಂದಿ, ನೀರು ಹೇಗೆ, ಗೇಟು ಎಷ್ಟು ಗಂಟೆಗೆ ಮುಚ್ಚುತ್ತದೆ, ಜ್ವರ ಬಂದರೆ ಯಾರು ನೋಡಿಕೊಳ್ಳುತ್ತಾರೆ, ಭಾನುವಾರ ಪೂಜೆಗೆ ಹೋಗಲು ಬಿಡುತ್ತಾರೆಯೇ ಎಂದು ವಾರ್ಡನ್ ಅವರನ್ನೂ, ಆಮೇಲೆ ಅಲ್ಲೇ ಓದುವ ಮಕ್ಕಳನ್ನೂ ಬೇರೆ ಬೇರೆಯಾಗಿ ಕೇಳಿ. ರ‍್ಯಾಗಿಂಗ್ ತಡೆ ಸಮಿತಿ ಪ್ರತಿ ಕಾಲೇಜಿನಲ್ಲೂ ಇರಬೇಕೆಂಬುದು ಯುಜಿಸಿಯ 2009ರ ನಿಯಮ. ಅದರ ಸದಸ್ಯರ ಹೆಸರು ಗೋಡೆಯ ಮೇಲೆ ಇದೆಯೇ ನೋಡಿ. ರಾಷ್ಟ್ರೀಯ ಸಹಾಯವಾಣಿ 1800-180-5522ನ್ನು ಪಪ್ಪನ ಫೋನಿನಲ್ಲೇ ಸೇವ್ ಮಾಡಿಡಿ.

ಹಣದ ವಿಷಯ. ಕೋರ್ಸಿನ ಎಲ್ಲ ವರ್ಷಗಳ ಫೀಸು, ಹಾಸ್ಟೆಲ್, ಮೆಸ್ ಸೇರಿಸಿ ಲಿಖಿತವಾಗಿ ಕೇಳಿ. "ಇವತ್ತೇ ಕಟ್ಟಿದರೆ ಸೀಟು" ಎಂಬ ಒತ್ತಾಯಕ್ಕೆ ಬೀಳಬೇಡಿ. ಕಟ್ಟಿದ ಮೇಲೂ ದಾರಿಯಿದೆ. ಯುಜಿಸಿ 2018ರಲ್ಲಿ ಹೊರಡಿಸಿದ ಅಧಿಸೂಚನೆಯಂತೆ, ಪ್ರವೇಶದ ಕೊನೆಯ ದಿನಾಂಕಕ್ಕೆ 15 ದಿನ ಮೊದಲೇ ಸೀಟು ಬಿಟ್ಟರೆ ಗರಿಷ್ಠ 5,000 ರೂಪಾಯಿ ಕಳೆದು ಉಳಿದ ಫೀಸನ್ನೆಲ್ಲ ಹಿಂತಿರುಗಿಸಬೇಕು. ಕೊನೆಯ ದಿನ ಹತ್ತಿರವಾದಾಗ ಬಿಟ್ಟರೆ ಶೇಕಡಾ 90, ದಾಟಿದ 15 ದಿನಗಳೊಳಗೆ 80, 30 ದಿನಗಳೊಳಗೆ 50. ಆಮೇಲೆ ಏನೂ ಸಿಗದು. ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ಹಾಸ್ಟೆಲ್ ಹಣದ ಬಗ್ಗೆ ಪ್ರತ್ಯೇಕವಾಗಿ ವಿಚಾರಿಸಿ. ಹಣದ ಚಿಂತೆಯಿರುವ ಅಪ್ಪನಿಗೆ ಈ ದಿನಾಂಕಗಳು ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತದೆ.

ಉಳಿಯಲು ಸಂಬಂಧಿಕರ ಮನೆ ಸಿಕ್ಕರೆ ಖರ್ಚು ಉಳಿಯುತ್ತದೆ, ನಿಜ. ಆದರೆ ರಾತ್ರಿ ಊಟದ ಮೇಜಿನಲ್ಲಿ ಅಂಕಲ್ ಕೊಡುವ ಉಪದೇಶದ ಮುಂದೆ ಹಗಲು ನೋಡಿದ್ದೆಲ್ಲ ಮರೆತುಹೋಗುವ ಅಪಾಯವೂ ಉಂಟು!

ಈ ವಿಷಯದಲ್ಲಿ ನಮ್ಮ ಚರ್ಚುಗಳಿಂದ ಆಗಬಹುದಾದ ಸಹಾಯ ದೊಡ್ಡದೇನಲ್ಲ, ಆದರೆ ಬೇಗ ಆಗುವಂಥದ್ದು. ಈಗಾಗಲೇ ಹೊರಗೆ ಓದುತ್ತಿರುವ ನಮ್ಮದೇ ಮಕ್ಕಳು ಯಾರು ಎಂದು ವಾಳೆಯ ಗುರಿಕಾರರಿಗೆ ತಿಳಿದಿರುತ್ತದೆ. ಆ ಮಕ್ಕಳ ಹೆತ್ತವರೊಡನೆ ಒಂದು ಸಂಜೆ ಮಾತನಾಡಿಸಿದರೆ, ಮಗಳ ಹತ್ತು ಮಾತಿಗೆ ಒಪ್ಪದ ಪಪ್ಪ ಇನ್ನೊಬ್ಬ ಪಪ್ಪನ ಒಂದು ಮಾತಿಗೆ ಕಿವಿಗೊಡಬಹುದು. ಎರಡು ಮೂರು ಕುಟುಂಬಗಳು ಸೇರಿ ಒಂದೇ ವಾಹನ ಮಾಡಿದರೆ ಖರ್ಚೂ ಹಂಚಿಹೋಗುತ್ತದೆ. ಕೆಲವು ಕ್ರೈಸ್ತ ಸಂಸ್ಥೆಗಳು ಪ್ರವೇಶದ ವೇಳೆ ಜ್ಞಾನಸ್ನಾನದ ಪ್ರಮಾಣಪತ್ರ, ಧರ್ಮಗುರುಗಳ ಪತ್ರ ಕೇಳುವುದುಂಟು. ಅವನ್ನು ಹೊರಡುವ ಹಿಂದಿನ ರಾತ್ರಿ ಅಲ್ಲ, ವಾರ ಮುಂಚೆಯೇ ಪಡೆದುಕೊಳ್ಳಿ.

ಹಿಂದಿರುಗುವಾಗ ಕಾರಿನಲ್ಲಿ "ಹೇಗುಂಟು ಪಪ್ಪಾ, ಹೌದಾ, ಅಲ್ಲವಾ?" ಎಂದು ಕೇಳಬೇಡಿ. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದವರಿಂದ ಒಳ್ಳೆಯ ಉತ್ತರ ಬಾರದು. ಮನೆಗೆ ಬಂದು ಎರಡು ಮೂರು ದಿನ ಬಿಟ್ಟು, ಅವರೇ ಬರೆದ ಪ್ರಶ್ನೆಗಳ ಪಟ್ಟಿಯನ್ನು ಮೇಜಿನ ಮೇಲಿಟ್ಟು ಒಂದೊಂದಾಗಿ ನೋಡಿ. ಉತ್ತರ ಸಿಗದೆ ಉಳಿದವುಗಳಿಗೆ ಕಾಲೇಜಿಗೆ ಇನ್ನೊಮ್ಮೆ ಫೋನ್ ಮಾಡಿ.